ಎರಡೂಕಾಲು ವರ್ಷವಾದರೂ ಮೈ ಕಟ್ಟದ ಗಂಡು ಕುದುರೆ ಮರಿ: ಇದು ತಡವೋ, ಕೊರತೆಯೋ?

ಪ್ರಶ್ನೆ: ಟಾಂಗಾ ಮನೆಯವನು, ವಿಜಯಪುರ

ಎಲ್ಲರಿಗೂ ನಮಸ್ಕಾರ. ನಮ್ಮದು ವಿಜಯಪುರದಲ್ಲಿ ಮೂರು ತಲೆಮಾರಿನಿಂದ ಟಾಂಗಾ ಹೊಡೆದುಕೊಂಡು ಬಂದ ಮನೆ. ಅಜ್ಜ ರೈಲ್ವೆ ಸ್ಟೇಷನ್ನಿನಿಂದ ಗೋಳಗುಮ್ಮಟ, ಇಬ್ರಾಹಿಂ ರೋಜಾ ಕಡೆಗೆ ಪ್ರವಾಸಿಗರನ್ನು ಒಯ್ಯುತ್ತಿದ್ದರು. ನಾನು ಹೊಲ ನೋಡಿಕೊಂಡು ಒಂದೇ ಗಾಡಿಯನ್ನು ಉಳಿಸಿಕೊಂಡಿದ್ದೇನೆ. ಮನೆಗೆ ಯಾವಾಗಲೂ ಕೆಲಸಕ್ಕೆ ಪಳಗಿದ ಕುದುರೆಯನ್ನೇ ಕೊಂಡು ತರುತ್ತಿದ್ದುದರಿಂದ ಮರಿಯನ್ನು ಬೆಳೆಸಿದ ಅನುಭವ ನಮ್ಮಲ್ಲಿ ಯಾರಿಗೂ ಇಲ್ಲ.

ಇಂಡಿ ಪಟ್ಟಣದ ಆಚೆ ಭೀಮಾ ದಂಡೆಯಲ್ಲಿ ತಂಗಿದ್ದ ಕುರಿಗಾರರಿಂದ ಹನ್ನೊಂದು ತಿಂಗಳ ಗಂಡು ಕುದುರೆ ಮರಿಯೊಂದನ್ನು ಕೊಂಡೆ. ಅವರು ಹೇಳಿದ ಲೆಕ್ಕದಂತೆ ಅದಕ್ಕೆ ಈಗ 27 ತಿಂಗಳು. ತಂದಾಗ ಹೆಗಲ ಮೇಲೆ 48 ಇಂಚು ಇತ್ತು, ಈಗ 52 ಇಂಚು ಇದೆ. ತಾಯಿಯನ್ನು ಅಂದೇ ಕೋಲು ಹಿಡಿದು ಅಳೆದಿದ್ದೆ, 53 ಇಂಚು ಇತ್ತು. ನಮ್ಮ ಸಂಬಂಧಿಕರೊಬ್ಬರು ಅಕಲೂಜದ ಕುದುರೆ ಬಜಾರಿನಿಂದ ತಂದ ಮಾರವಾಡಿ ತಳಿಯ ಮರಿಗೂ ಹೆಚ್ಚುಕಡಿಮೆ ಇದೇ ವಯಸ್ಸು, ಆದರೆ ಅದು ಆಗಲೇ 58 ಇಂಚು ಆಗಿದೆ. ಎರಡನ್ನೂ ಪಕ್ಕದಲ್ಲಿ ನಿಲ್ಲಿಸಿದರೆ ನನ್ನದು ಅದರ ತಮ್ಮನಂತೆ ಕಾಣುತ್ತದೆ. ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸಬಹುದು, ಹೊಟ್ಟೆ ಮಾತ್ರ ಜೋತಿದೆ, ಚಳಿಗಾಲದ ಒರಟು ಕೂದಲು ಯುಗಾದಿ ಕಳೆದರೂ ಉದುರಿಲ್ಲ, ಹಿಂಭಾಗವು ಹೆಗಲಿಗಿಂತ ಎರಡು ಬೆರಳು ಎತ್ತರವಾಗಿದೆ.

ಮೇವಿಗೆ ಜೋಳದ ಕಣಿಕೆ ತಿಂದಷ್ಟು, ಎರಡು ಹೊತ್ತು ಸೇರಿ ಎರಡು ಕಿಲೋ ಗೋಧಿ ಬೂಸಾ, ಕಬ್ಬು ಕಡಿಯುವ ದಿನಗಳಲ್ಲಿ ಹಸಿ ವಾಡೆ (ಕಬ್ಬಿನ ತುದಿಯ ಸೋಗೆ), ಸಂಜೆ ಒಂದು ಹಿಡಿ ನೆನೆಸಿದ ಕಡಲೆ ಹಾಕುತ್ತಿದ್ದೇನೆ. ಗಾಡಿಗೆ ಹೂಡಿದರೆ ಮೈ ತಾನೇ ಕಟ್ಟುತ್ತದೆ ಎಂದು ಕೆಲವರು ಹೇಳುತ್ತಾರೆ, ಇದು ಕುಬ್ಜ ಜಾತಿ, ಮಾರಿಬಿಡು ಎಂದು ಇನ್ನು ಕೆಲವರು. ಇದು ಸ್ವಭಾವದಿಂದಲೇ ತಡವಾಗಿ ಬೆಳೆಯುವ ಮರಿಯೋ, ನನ್ನ ಕೈಯಲ್ಲಿ ಕುಂಠಿತವಾಗಿದೆಯೋ ಎಂಬುದನ್ನು ತಿಳಿಯುವುದು ಹೇಗೆ? ಹೂಡುವುದು ಯಾವಾಗ?

ಉತ್ತರ: ನಿವೃತ್ತ ಪಶುವೈದ್ಯ, ಬಾಗಲಕೋಟೆ

ತಾವು ಅಳತೆಗಳನ್ನು ಬರೆದಿಟ್ಟುಕೊಂಡಿರುವುದು ಬಹಳ ಒಳ್ಳೆಯದಾಯಿತು. ಅಳತೆಯಿಲ್ಲದೆ ಇಂಥ ಪ್ರಶ್ನೆ ಬಂದರೆ ನಾವು ಹೇಳುವುದೆಲ್ಲ ಊಹೆಯೇ.

ಎತ್ತರ ಮತ್ತು ತೂಕ ಇವೆರಡನ್ನೂ ತಾವು ಒಂದೇ ಎಂದುಕೊಂಡಿದ್ದೀರಿ, ಗೊಂದಲ ಅಲ್ಲಿದೆ. ಸರಿಯಾಗಿ ಸಾಕಿದ ಕುದುರೆ ಮರಿ ಒಂದು ವರ್ಷಕ್ಕೆ ತನ್ನ ಪೂರ್ಣ ಎತ್ತರದ ಸುಮಾರು 90 ಪ್ರತಿಶತವನ್ನು, ಒಂದೂವರೆ ವರ್ಷಕ್ಕೆ 95 ಪ್ರತಿಶತವನ್ನು ಮುಟ್ಟುತ್ತದೆ. ತೂಕ ಹಾಗಲ್ಲ. ಒಂದು ವರ್ಷಕ್ಕೆ ಅದು ಪೂರ್ಣ ತೂಕದ ಮೂರನೇ ಎರಡು ಭಾಗದಷ್ಟಿರುತ್ತದೆ, ಒಂದೂವರೆ ವರ್ಷಕ್ಕೆ 80 ಪ್ರತಿಶತದ ಸುತ್ತಮುತ್ತ ಬರುತ್ತದೆ. ಹನ್ನೊಂದು ತಿಂಗಳಿಗೆ 48 ಇಂಚು ಇದ್ದ ಮರಿ ಬೆಳೆದು ನಿಲ್ಲುವುದು 53 ಇಂಚಿನ ಆಸುಪಾಸಿನಲ್ಲಿ, ಅದರ ತಾಯಿಯ ಎತ್ತರವೂ ಅಷ್ಟೇ. ಅಂದಮೇಲೆ ಎತ್ತರದಲ್ಲಿ ತಮ್ಮ ಮರಿ ಹಿಂದೆ ಬಿದ್ದೇ ಇಲ್ಲ. ಮಾರವಾಡಿಯ ಪಕ್ಕದಲ್ಲಿ ನಿಲ್ಲಿಸಿ ಅದನ್ನು ಕುಬ್ಜವೆನ್ನುವುದು ಮಧ್ಯಮ ಗಾತ್ರದ ದೇವಣಿ ಎತ್ತಿನ ಪಕ್ಕದಲ್ಲಿ ಭಾರಿ ಗಾತ್ರದ ಕೃಷ್ಣಾ ತೀರದ ಎತ್ತನ್ನು ನಿಲ್ಲಿಸಿ ದೇವಣಿಯನ್ನು ಹಳಿದಂತೆ. ಭೀಮಾ ಕಣಿವೆಯ ಕುರಿಗಾರರು ಗಂಟುಮೂಟೆ ಹೇರಿಕೊಂಡು ಅಲೆಯುವ ಕುದುರೆಗಳು ಭೀಮಥಡಿ ಅಥವಾ ದಖ್ಖಣಿ ಎಂದು ಹೆಸರಾದ ಗಿಡ್ಡ, ಗಟ್ಟಿ ಜಾತಿಯವು. ಇತ್ತೀಚೆಗೆ ಅವಕ್ಕೆ ಪ್ರತ್ಯೇಕ ತಳಿಯೆಂಬ ಅಧಿಕೃತ ಮಾನ್ಯತೆಯೂ ದೊರೆತಿದೆ.

ತಾಯಿಯ ಅಳತೆಗೆ ಇಷ್ಟು ಬೆಲೆ ಕೊಡುವುದಕ್ಕೆ ಕಾರಣವಿದೆ. 1938ರಲ್ಲಿ ಕೇಂಬ್ರಿಜ್‌ನ ವಾಲ್ಟನ್ ಮತ್ತು ಹ್ಯಾಮಂಡ್ ಎಂಬ ವಿಜ್ಞಾನಿಗಳು ಆನೆಯಂಥ ಶೈರ್ ಕುದುರೆಯನ್ನೂ ಮೊಳದೆತ್ತರದ ಶೆಟ್‌ಲೆಂಡ್ ಕುದುರೆಯನ್ನೂ ಎರಡೂ ಬಗೆಯಲ್ಲಿ ಕೂಡಿಸಿ ನೋಡಿದರು. ಎರಡು ಬಗೆಯ ಮರಿಗಳಲ್ಲೂ ರಕ್ತ ಅರ್ಧರ್ಧವೇ ಇದ್ದರೂ ಶೈರ್ ತಾಯಿಗೆ ಹುಟ್ಟಿದ ಮರಿ ಶೆಟ್‌ಲೆಂಡ್ ತಾಯಿಗೆ ಹುಟ್ಟಿದ ಮರಿಗಿಂತ ಹುಟ್ಟುವಾಗ ಸುಮಾರು ಮೂರು ಪಟ್ಟು ತೂಗುತ್ತಿತ್ತು. ಬೀಜದ ಕುದುರೆಯ ಎತ್ತರವನ್ನಷ್ಟೇ ನೋಡಿ ಮರಿಗೆ ಹಣ ಕೊಡುವವರು ಇದನ್ನು ನೆನಪಿಡಬೇಕು.

ಈಗ ತೂಕದ ಮಾತು. ಎದೆಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ತೆಗೆದು ಅದನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಭುಜದ ಮುಂತುದಿಯಿಂದ ಪೃಷ್ಠದ ಹಿಂತುದಿಯವರೆಗಿನ ಉದ್ದದಿಂದ ಮತ್ತೆ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋ ಲೆಕ್ಕದಲ್ಲಿ ಅಂದಾಜು ತೂಕ ಸಿಗುತ್ತದೆ. ಇದು ಬೆಳೆದ ಕುದುರೆಯ ಸೂತ್ರವಾದ್ದರಿಂದ ಮರಿಗಳಲ್ಲಿ ತುಸು ಕಡಿಮೆ ತೋರಿಸಬಹುದು, ಆದರೆ ತಿಂಗಳಿಂದ ತಿಂಗಳಿಗೆ ಏರುತ್ತಿದೆಯೇ ಎಂದು ತಿಳಿಯಲು ಇದು ಸಾಕು. ತಡವಾಗಿ ಬೆಳೆಯುವ ಮರಿಗೂ ಕೊರತೆಯಿಂದ ಬಳಲುವ ಮರಿಗೂ ಇರುವ ಅಂತರ ಗೊತ್ತಾಗುವುದು ಇಲ್ಲಿಯೇ. ತಡವಾದ ಮರಿ ನಿಧಾನವಾಗಿಯಾದರೂ ಏರುತ್ತಲೇ ಇರುತ್ತದೆ, ಅದರ ಕೂದಲು ಹೊಳೆಯುತ್ತದೆ, ಕಣ್ಣು ಚುರುಕಾಗಿರುತ್ತದೆ. ಕೊರತೆಯ ಮರಿ ನಿಂತಲ್ಲೇ ನಿಲ್ಲುತ್ತದೆ. ತಾವು ಹೇಳಿದ ಒರಟು ಕೂದಲು, ಜೋತ ಹೊಟ್ಟೆ, ಎದ್ದು ಕಾಣುವ ಪಕ್ಕೆ ಮೂರೂ ಎರಡನೆಯದನ್ನೇ ಹೇಳುತ್ತವೆ. ಹಿಂಭಾಗ ಎತ್ತರವಿರುವುದಕ್ಕೆ ಮಾತ್ರ ಚಿಂತೆ ಬೇಡ, ಈ ವಯಸ್ಸಿನಲ್ಲಿ ಅದು ಸಾಮಾನ್ಯ. ಹೆಗಲು ಇನ್ನೂ ಅರ್ಧ ಅಥವಾ ಒಂದು ಇಂಚು ಮೇಲೇಳಬಹುದು.

ತಾವು ಹಾಕುತ್ತಿರುವ ಮೇವನ್ನು ಓದಿ ನನಗೆ ನಿಜಕ್ಕೂ ಅಳುಕಾಯಿತು. ಗೋಧಿ ಬೂಸಾದಲ್ಲಿ ರಂಜಕವು (ಫಾಸ್ಫರಸ್) ಸುಣ್ಣದಂಶದ (ಕ್ಯಾಲ್ಸಿಯಂ) ಸುಮಾರು ಹತ್ತು ಪಟ್ಟು ಇರುತ್ತದೆ. ಬೆಳೆಯುವ ಮರಿಗೆ ಬೇಕಾದದ್ದು ಇದರ ತಿರುಗುಮುರುಗು, ಅಂದರೆ ಒಂದು ಪಾಲು ರಂಜಕಕ್ಕೆ ಒಂದೂವರೆಯಿಂದ ಎರಡು ಪಾಲು ಸುಣ್ಣ. ಅದರ ಮೇಲೆ ಕಬ್ಬಿನ ವಾಡೆಯಲ್ಲಿರುವ ಆಕ್ಸಲೇಟ್ ಎಂಬ ವಸ್ತು ಇದ್ದಷ್ಟು ಸುಣ್ಣವನ್ನೂ ಕರುಳಿನಲ್ಲೇ ಕಟ್ಟಿಹಾಕುತ್ತದೆ. ಎಮ್ಮೆಗೆ, ಎತ್ತಿಗೆ ಇದು ಅಷ್ಟಾಗಿ ಬಾಧಿಸುವುದಿಲ್ಲ, ಏಕೆಂದರೆ ಅವುಗಳ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಆಕ್ಸಲೇಟನ್ನು ಒಡೆದುಬಿಡುತ್ತವೆ. ಕುದುರೆಗೆ ಆ ಅನುಕೂಲವಿಲ್ಲ. ರಕ್ತಕ್ಕೆ ಬೇಕಾದ ಸುಣ್ಣವನ್ನು ಅದರ ದೇಹವು ತನ್ನ ಎಲುಬಿನಿಂದಲೇ ಕಿತ್ತುಕೊಳ್ಳುತ್ತದೆ, ಇದು ಬಹುಕಾಲ ನಡೆದರೆ ಮುಖದ ಎಲುಬು ಊದಿಕೊಳ್ಳುತ್ತದೆ, ಕುಂಟು ಬರುತ್ತದೆ. ಹಿಂದೆ ಹಿಟ್ಟಿನ ಗಿರಣಿಗಳವರು ಬೂಸಾ ತಿನ್ನಿಸಿ ಸಾಕಿದ ಕುದುರೆಗಳಲ್ಲಿ ಇದು ಎಷ್ಟು ಕಾಣುತ್ತಿತ್ತೆಂದರೆ ಇಂಗ್ಲಿಷಿನಲ್ಲಿ ಅದಕ್ಕೆ ಗಿರಣಿಯವರ ಕುದುರೆ ರೋಗ ಎಂಬ ಅರ್ಥದ ಹೆಸರೇ ಬಿದ್ದಿತ್ತು.

ಬೂಸಾವನ್ನು ಹತ್ತು ದಿನಗಳಲ್ಲಿ ಮೆಲ್ಲಗೆ ಇಳಿಸುತ್ತ ಒಂದು ಹಿಡಿಗೆ ತನ್ನಿ, ವಾಡೆಯನ್ನು ನಿಲ್ಲಿಸಿ. ನಮ್ಮಲ್ಲಿ ಕುದುರೆ ಮಸಾಲೆ ಸೊಪ್ಪು ಎನ್ನುತ್ತಾರಲ್ಲ, ಆ ಲೂಸರ್ನ್ ಸೊಪ್ಪನ್ನು ಬಾಡಿಸಿ ಒಣಗಿಸಿ ದಿನಕ್ಕೆ ಒಂದೂವರೆ ಕಿಲೋದಷ್ಟು ಹಾಕಿ. ಸುಣ್ಣವೂ ಸಸಾರಜನಕವೂ (ಪ್ರೋಟೀನ್) ಅದರಲ್ಲಿ ಧಾರಾಳವಾಗಿವೆ. ಕಣಿಕೆ ಇರಲಿ, ಆದರೆ ಅದು ಹೊಟ್ಟೆ ತುಂಬಿಸುವ ಮೇವೇ ಹೊರತು ಮೈ ಕಟ್ಟುವ ಮೇವಲ್ಲ. ನೆನೆಸಿದ ಕಡಲೆಯನ್ನು ಎರಡು ಹೊತ್ತಿಗೆ ಹಂಚಿ ಮುಕ್ಕಾಲು ಕಿಲೋದವರೆಗೆ ಏರಿಸಬಹುದು. ಹುರಿದ ಸೋಯಾ ನೂರೈವತ್ತು ಗ್ರಾಂ ಸೇರಿಸಿದರೆ ಇನ್ನೂ ಒಳ್ಳೆಯದು, ಹಸಿ ಸೋಯಾ ಮಾತ್ರ ಬೇಡ. ನೆಕ್ಕಲು ಉಪ್ಪಿನ ಗಡ್ಡೆ ಇರಲಿ. ಸುಣ್ಣಕಲ್ಲಿನ ಪುಡಿ ಬೇಕೋ ಬೇಡವೋ ಎಂಬುದನ್ನು ನಿಮ್ಮ ವೈದ್ಯರು ನೋಡಿ ನಿರ್ಧರಿಸಲಿ. ಎಲೆಗೆ ಹಚ್ಚುವ ಸುಣ್ಣವನ್ನು ಎಂದೂ ಹಾಕಬಾರದು, ಅದು ಬಾಯಿಯನ್ನು ಸುಡುತ್ತದೆ.

ಮೇವು ಬದಲಿಸುವ ಮೊದಲು ತಾಜಾ ಲದ್ದಿಯನ್ನು ತಾಲೂಕಿನ ಪಶು ಆಸ್ಪತ್ರೆಗೆ ಒಯ್ದು ಹುಳುವಿನ ಮೊಟ್ಟೆಗಳ ಪರೀಕ್ಷೆ ಮಾಡಿಸಿ. ಜಂತುವಿಗೆ ಹಾಕಿದ ಮೇವು ಮರಿಗೆ ಮುಟ್ಟುವುದಿಲ್ಲ. ದನಕ್ಕೆ ಚುಚ್ಚುವ ಐವರ್ಮೆಕ್ಟಿನ್ ಇಂಜೆಕ್ಷನ್ನನ್ನೇ ಕುದುರೆಗೂ ಚುಚ್ಚುವವರಿದ್ದಾರೆ, ಚುಚ್ಚಿದ ಜಾಗ ಕೊಳೆತು ಪ್ರಾಣಕ್ಕೆ ಕುತ್ತು ಬಂದ ಉದಾಹರಣೆಗಳಿವೆ. ಕುದುರೆಗೆಂದೇ ಇರುವ ಬಾಯಿಯ ಔಷಧವನ್ನು ತೂಕ ನೋಡಿ ಕೊಡಿಸಿ.

ಉತ್ತರ: ಕೃಷ್ಣಾ ದಂಡೆ, ಜಮಖಂಡಿ

ವೈದ್ಯರು ಹೇಳಿದ್ದು ಸರಿಯಿರಬಹುದು, ಆದರೆ ಇಷ್ಟು ಲೆಕ್ಕಾಚಾರದ ಅಗತ್ಯ ನನಗೆ ಕಾಣುವುದಿಲ್ಲ. ನಾನು ನನ್ನ ಮರಿಗೆ ಆರು ತಿಂಗಳಿನಿಂದಲೇ ಗೋವಿನಜೋಳದ ನುಚ್ಚು, ಬೆಲ್ಲ, ಕಡಲೆಗಳನ್ನು ಅದು ಬಿಡುವವರೆಗೆ ಹಾಕಿದೆ. ಒಂದೂವರೆ ವರ್ಷಕ್ಕೆ ಅದು ಮೂರು ವರ್ಷದ ಕುದುರೆಯಂತೆ ನಿಂತಿತ್ತು. ಹೊಟ್ಟೆಗೆ ಹಾಕಿದರೆ ಬೆಳೆಯುತ್ತದೆ, ಇಲ್ಲವಾದರೆ ಇಲ್ಲ. ಉಳಿದದ್ದನ್ನು ಕೋಳಿ ಆಹಾರದಿಂದ ಸರಿದೂಗಿಸಬಹುದು, ಅದರಲ್ಲಿ ಎಲ್ಲ ಸತ್ವವೂ ಇರುತ್ತದೆ.

ಉತ್ತರ: ನಿವೃತ್ತ ಪಶುವೈದ್ಯ, ಬಾಗಲಕೋಟೆ

ಕೊನೆಯ ವಾಕ್ಯವನ್ನು ಯಾರೂ ಅನುಸರಿಸಬಾರದು. ಕೋಳಿ ಆಹಾರದಲ್ಲಿ ಮೊನೆನ್ಸಿನ್, ಸ್ಯಾಲಿನೊಮೈಸಿನ್ ಎಂಬ ಔಷಧಗಳನ್ನು ಬೆರೆಸಿರುವುದುಂಟು. ಕೋಳಿಗೆ ಹಿತವಾದ ಆ ಪ್ರಮಾಣವೇ ಕುದುರೆಯ ಹೃದಯವನ್ನು ಹಾಳುಮಾಡಿ ಕೊಲ್ಲಬಲ್ಲದು.

ಕಾಳು ಸುರಿದು ಬೆಳೆಸುವ ವಿಷಯದಲ್ಲಿಯೂ ನನ್ನ ಅಭಿಪ್ರಾಯ ಬೇರೆ. ಅತಿವೇಗವಾಗಿ ಮೈ ತುಂಬಿದ ಮರಿಯ ಭಾರವನ್ನು ಇನ್ನೂ ಬಲಿಯದ ಎಲುಬು ಹೊರಬೇಕಾಗುತ್ತದೆ. ಆಗ ಮುಂಗಾಲಿನ ಮೊಣಕಾಲಿಗಿಂತ ತುಸು ಮೇಲೆ ಒಳಬದಿಯಲ್ಲಿ ಗಟ್ಟಿಯಾದ, ಮುಟ್ಟಿದರೆ ಬೆಚ್ಚಗಿರುವ ಊತ ಬರುತ್ತದೆ, ಕೀಲಿನೊಳಗಿನ ಮೃದ್ವಸ್ಥಿ ಚೂರಾಗಿ ಕಳಚುವುದೂ ಉಂಟು. ತಮ್ಮ ಮರಿಗೆ ಹಾಗಾಗದಿದ್ದರೆ ಅದು ತಮ್ಮ ಪುಣ್ಯ. ಆದರೆ ಅದನ್ನು ಇನ್ನೊಬ್ಬರಿಗೆ ಸಲಹೆಯಾಗಿ ಕೊಡಲಾಗದು.

ಉತ್ತರ: ಅಂಕಲಿ ಕಡೆಯವನು, ಚಿಕ್ಕೋಡಿ ತಾಲೂಕು

ಹೂಡುವ ವಿಷಯಕ್ಕೆ ಮಾತ್ರ ನಾನು ಉತ್ತರಿಸುತ್ತೇನೆ. ನಮ್ಮ ಅಂಕಲಿಯಿಂದ ಪ್ರತಿ ವರ್ಷ ಶಿತೋಳೆ ಸರಕಾರರ ಕುದುರೆಗಳು ಜ್ಞಾನೇಶ್ವರ ಮಹಾರಾಜರ ಪಾಲಕಿ ಸೇವೆಗಾಗಿ ಆಳಂದಿಯವರೆಗೆ ನಡೆದುಕೊಂಡೇ ಹೋಗುತ್ತವೆ. ಅವುಗಳನ್ನು ನೋಡುತ್ತಲೇ ಬೆಳೆದವನಾದರೂ ನನ್ನ ಕುದುರೆಯ ವಿಷಯದಲ್ಲಿ ನನಗೆ ತಾಳ್ಮೆ ಇರಲಿಲ್ಲ. ಕೆಲವು ವರ್ಷಗಳ ಹಿಂದೆ ಎರಡು ವರ್ಷ ತುಂಬಿದ, ಎತ್ತರದಲ್ಲಿ ಪೂರ್ತಿ ಬೆಳೆದಂತಿದ್ದ ಮರಿಯೊಂದನ್ನು ಜಾತ್ರೆಯ ಗಾಡಿ ಶರ್ಯತ್ತಿಗೆ ಹೂಡಿದೆ. ಮೊದಲ ಎರಡು ಶರ್ಯತ್ತಿನಲ್ಲಿ ಅದು ಮುಂದೆ ಬಂದಿತು, ನಾನೂ ಪೇಟ ಸುತ್ತಿಸಿಕೊಂಡೆ. ಮೂರನೆಯದಾದ ಮರುದಿನ ಬೆಳಿಗ್ಗೆ ಲಾಯಕ್ಕೆ ಹೋದರೆ ಮುಂದಿನ ಬಲಗಾಲನ್ನು ತುದಿಗೊರಸಿನ ಮೇಲಷ್ಟೇ ಊರಿ ನಿಂತಿತ್ತು. ಕಾಲು ಎಂದೂ ಸರಿಹೋಗಲಿಲ್ಲ. ಅದಕ್ಕೆ ಆರು ವರ್ಷವಾಗಿ ಮೈ ಪೂರ್ತಿ ತುಂಬಿದಾಗ, ಎಂಥ ಕುದುರೆಯಾಗಬಹುದಾಗಿತ್ತು ಎಂದು ದಿನವೂ ನೋಡಿಕೊಂಡು ಕೂಡಬೇಕಾಯಿತು.

ಆಮೇಲೆ ನಾನು ತಿಳಿದುಕೊಂಡದ್ದು ಇಷ್ಟು. ಕುದುರೆಯ ಎಲುಬುಗಳು ನೆಲದಿಂದ ಮೇಲಕ್ಕೆ ಬಲಿಯುತ್ತ ಹೋಗುತ್ತವೆ. ಗೊರಸಿನ ಮೇಲಿನ ಕಿರು ಎಲುಬುಗಳ ಬೆಳವಣಿಗೆ ಒಂದು ವರ್ಷದ ಸುಮಾರಿಗೆ ಮುಗಿಯುತ್ತದೆ, ಮೊಣಕಾಲಿನ ಮೇಲಿನದು ಎರಡರಿಂದ ಎರಡೂವರೆ ವರ್ಷಕ್ಕೆ, ಬೆನ್ನೆಲುಬಿನದು ಐದು ವರ್ಷ ದಾಟಿದ ಮೇಲೆ. ಎತ್ತರ ಮುಗಿಯಿತೆಂದರೆ ಎಲುಬು ಮುಗಿಯಿತೆಂದಲ್ಲ. ಹಾಗೆಂದು ಗೂಟಕ್ಕೆ ಕಟ್ಟಿಹಾಕುವುದೂ ತಪ್ಪು, ಏಕೆಂದರೆ ಓಡಾಡದ ಮರಿಯ ಎಲುಬಿಗೆ ಬಲವೇ ಬರುವುದಿಲ್ಲ. ನಾನು ಈಗ ಮರಿಗಳನ್ನು ಹಗಲೆಲ್ಲ ಕರಿಮಣ್ಣಿನ ಹೊಲದಲ್ಲಿ ಬಿಡುತ್ತೇನೆ. ಎರಡೂವರೆ ವರ್ಷಕ್ಕೆ ಲಗಾಮು ಹಾಕಿ ಹಿಂದಿನಿಂದ ಉದ್ದ ಹಗ್ಗ ಹಿಡಿದು ನಡೆಸುತ್ತೇನೆ, ಮೂರು ದಾಟಿದ ಮೇಲೆ ಬರಿಗಾಡಿಗೆ ವಾರದಲ್ಲಿ ಎರಡು ಮೂರು ದಿನ ಅರ್ಧ ತಾಸು ಹೂಡುತ್ತೇನೆ. ಜನ ಕೂತ ಗಾಡಿಯನ್ನು ನಾಲ್ಕು ವರ್ಷಕ್ಕೆ ಮೊದಲು ಎಳೆಸುವುದಿಲ್ಲ, ಡಾಂಬರು ರಸ್ತೆಯಲ್ಲಿ ದೌಡಾಯಿಸುವುದಂತೂ ಇಲ್ಲವೇ ಇಲ್ಲ. ಅಣ್ಣಾವರೇ, ತಮ್ಮ ಮರಿ ಸೊರಗಿರುವುದರಿಂದ ಈ ಲೆಕ್ಕಕ್ಕೆ ಇನ್ನೊಂದು ಆರು ತಿಂಗಳು ಸೇರಿಸಿಕೊಳ್ಳಿ.

ಮತ್ತೊಂದು ಮಾತು. ವಯಸ್ಸನ್ನು ಮಾರಿದವರ ಬಾಯಿಂದ ಕೇಳಬೇಡಿ, ಮರಿಯ ಬಾಯಲ್ಲಿ ನೋಡಿ. ಎರಡೂವರೆ ವರ್ಷದ ಹೊತ್ತಿಗೆ ಮುಂದಿನ ನಡುವಿನ ಹಾಲುಹಲ್ಲುಗಳು ಬೀಳುತ್ತವೆ, ಮೂರೂವರೆಗೆ ಅವುಗಳ ಪಕ್ಕದವು, ನಾಲ್ಕೂವರೆಗೆ ಅಂಚಿನವು. ಐದಕ್ಕೆ ಬಾಯಿಗೂಡುತ್ತದೆ, ಅಂದರೆ ಮುಂದಿನ ಶಾಶ್ವತ ಹಲ್ಲುಗಳೆಲ್ಲ ತುಂಬುತ್ತವೆ.

ಪ್ರಶ್ನೆ ಕೇಳಿದವನು, ವಿಜಯಪುರ (ಹತ್ತು ವಾರಗಳ ನಂತರ)

ಉತ್ತರಿಸಿದ ಎಲ್ಲರಿಗೂ ಋಣಿಯಾಗಿದ್ದೇನೆ. ಲದ್ದಿಯಲ್ಲಿ ಹುಳುವಿನ ಮೊಟ್ಟೆಗಳು ಬಹಳ ಇದ್ದವು, ಔಷಧ ಕೊಡಿಸಿದ ಮೇಲೆ ಇನ್ನೊಮ್ಮೆ ಪರೀಕ್ಷೆಯೂ ಆಯಿತು. ಮುಖದಲ್ಲಿ, ಮೊಣಕಾಲಿನಲ್ಲಿ ಊತವಿಲ್ಲವೆಂದು ವೈದ್ಯರು ಹೇಳಿದರು. ಮೊದಲ ದಿನ ಎದೆಸುತ್ತು 132, ಉದ್ದ 120 ಸೆಂಟಿಮೀಟರ್ ಇತ್ತು, ಸೂತ್ರದಂತೆ 176 ಕಿಲೋ. ನಿನ್ನೆ 139 ಮತ್ತು 121 ಬಂದಿತು, ಅಂದರೆ ಸುಮಾರು 197 ಕಿಲೋ. ಎತ್ತರ ಕಾಲು ಇಂಚು ಮಾತ್ರ ಏರಿದೆ. ಹಳೆಯ ಕೂದಲು ಗೋರುವ ಬ್ರಶ್ಶಿಗೆ ಮುದ್ದೆಮುದ್ದೆಯಾಗಿ ಬಂದು, ಅದರ ಕೆಳಗೆ ನಾನು ಎಂದೂ ನೋಡಿರದ ಕೆಂಪು ಬಣ್ಣ ಕಾಣಿಸಿದೆ. ಮೊನ್ನೆ ತೋಬರೆಯನ್ನು (ಕುದುರೆಯ ಮುಖಕ್ಕೆ ಕಟ್ಟುವ ಕಾಳಿನ ಚೀಲ) ಝಾಡಿಸುವಾಗ ತಳದಲ್ಲಿ ಕಡಲೆ ಸಿಪ್ಪೆಯ ಜೊತೆಗೆ ಒಂದು ಹಾಲುಹಲ್ಲು ಸಿಕ್ಕಿತು. ಬಾಯಿ ತೆರೆದು ನೋಡಿದರೆ ಕೆಳಗಿನ ನಡುವಿನದು, ಅದರ ಜೋಡಿಯೂ ಅಲುಗಾಡುತ್ತಿದೆ. ಕುರಿಗಾರರು ವಯಸ್ಸನ್ನು ಸುಳ್ಳು ಹೇಳಿರಲಿಲ್ಲ.

ಇನ್ನು ಬೀಜ ಒಡೆಸುವ ವಿಚಾರವಿದೆ. ಒಡೆಸಿದರೆ ಬೆಳವಣಿಗೆ ನಿಲ್ಲುತ್ತದೆಯೇ?

ಉತ್ತರ: ನಿವೃತ್ತ ಪಶುವೈದ್ಯ, ಬಾಗಲಕೋಟೆ

ನಿಲ್ಲುವುದಿಲ್ಲ. ಒಡೆಸಿದ ಕುದುರೆಯಲ್ಲಿ ಎಲುಬಿನ ಬೆಳವಣಿಗೆ ತುಸು ತಡವಾಗಿ ಮುಗಿಯುವುದರಿಂದ ಕೂದಲೆಳೆಯಷ್ಟು ಎತ್ತರವೇ ಹೆಚ್ಚಬಹುದು. ಆದರೆ ಈಗ ಬೇಡ. ಪಕ್ಕೆಲುಬು ಕಣ್ಣಿಗೆ ಕಾಣದೆ, ಕೈಯಾಡಿಸಿದಾಗ ಮಾತ್ರ ಸಿಗುವಷ್ಟು ಮೈ ಬರಲಿ, ಮಳೆಗಾಲದ ನೊಣಗಳ ಕಾಟವೂ ಮುಗಿಯಲಿ. ದೀಪಾವಳಿ ಕಳೆದ ಮೇಲೆ ಧನುರ್ವಾಯುವಿನ ಲಸಿಕೆ ಹಾಕಿಸಿಯೇ ಮಾಡಿಸಿ. ಅಲ್ಲಿಯವರೆಗೆ ಅಳತೆಯ ಟೇಪನ್ನು ತಿಂಗಳಿಗೊಮ್ಮೆ ಅದೇ ಹೊತ್ತಿಗೆ, ಮೇವು ಹಾಕುವ ಮೊದಲು ಹಿಡಿಯಿರಿ.