ಪುದೀನ: ಎಲೆ ಅಗಲ, ಘಮ ಕಡಿಮೆ. ಗೊಬ್ಬರ ಹೇಗೆ ಬದಲಿಸಬೇಕು?

ಪ್ರಶ್ನೆ:
ಕೋಲಾರ ಕಡೆ ಕೆಂಪು ಮಣ್ಣು, 10 ಗುಂಟೆ ಪುದೀನ, ಡ್ರಿಪ್ ಇದೆ. ರಾಸಾಯನಿಕ ಗೊಬ್ಬರ ಹಾಕಿಲ್ಲ. ಮೊದಲ ಕಟಾವಿನ ನಂತರ 500 ಕೆಜಿ ಹಸಿ ಕೋಳಿ ಗೊಬ್ಬರ ಎರಚಿದ್ದು. ಈಗ ಎಲೆ ಅಗಲ, ದಂಟು ಉದ್ದ, ಘಮ ಮಾತ್ರ ಇಲ್ಲ. ಸಂಜೆ ಕಟ್ಟಿದ ಕಟ್ಟನ್ನು ಬೆಳಗ್ಗೆ ಬಿಚ್ಚಿದರೆ ನಡುವಿನ ಎಲೆ ಕಪ್ಪಾಗಿರುತ್ತೆ. ಅಲ್ಲಲ್ಲಿ ಎಲೆಯಡಿ ಕಿತ್ತಳೆ ಬಣ್ಣದ ಪುಡಿಯೂ ಇದೆ.

ಉತ್ತರ 1:
ಸಾರಜನಕ ವಿಪರೀತ ಆಗಿದೆ ಅಣ್ಣ. ಕೋಳಿ ಗೊಬ್ಬರದಲ್ಲಿ ಅದು ಸುಮಾರು ಶೇ. 3, ಕೊಟ್ಟಿಗೆ ಗೊಬ್ಬರದಲ್ಲಿ ಶೇ. 0.5ರ ಆಸುಪಾಸು. ಅಂದರೆ 3 ಟನ್ ಕೊಟ್ಟಿಗೆ ಗೊಬ್ಬರದಷ್ಟು ಸಾರಜನಕ ಒಂದೇ ಸಲಕ್ಕೆ ಬಿದ್ದಿದೆ. ಗಿಡ ನೀರು ಕುಡಿದು ಸರಸರ ಏರುತ್ತೆ, ಎಲೆಯ ಎಣ್ಣೆ ತೆಳುವಾಗುತ್ತೆ. ಘಮ ಇರೋದೇ ಆ ಎಣ್ಣೆಯಲ್ಲಿ.

ಈ ಕಟಾವು ಮುಗಿಯೋವರೆಗೆ ಏನೂ ಹಾಕಬೇಡಿ. ಆಮೇಲೆ ಪ್ರತಿ ಕಟಾವಿನ ಮರುದಿನ 100ರಿಂದ 125 ಕೆಜಿ ಎರೆಗೊಬ್ಬರ ಸಾಲಿನ ಪಕ್ಕ ಹಾಕಿ, ಮೇಲ್ಮೇಲೆ ಕೆದಕಿ ನೀರು ಬಿಡಿ. ಆಳಕ್ಕೆ ಅಗೆದರೆ ಹಂಬು ತುಂಡಾಗುತ್ತೆ. ಹೊಸ ನಾಟಿಗಾದರೆ 10 ಗುಂಟೆಗೆ ಒಂದೂವರೆ ಟನ್ ಕಳಿತ ಕೊಟ್ಟಿಗೆ ಗೊಬ್ಬರ, 50 ಕೆಜಿ ಬೇವಿನ ಹಿಂಡಿ ಮಣ್ಣಿಗೆ ಸೇರಿಸಿ.

ಕಟ್ಟು ಕಪ್ಪಾಗೋದಕ್ಕೆ ಇನ್ನೊಂದು ಕಾರಣ ತೇವ. ಇಬ್ಬನಿ ಆರಿದ ಮೇಲೆ ಕೊಯ್ದು, ನೆರಳಲ್ಲಿ ಹರಡಿ, ಬಿಸಿ ಹೋದ ಮೇಲೆ ಸಡಿಲವಾಗಿ ಕಟ್ಟಿ.

ಉತ್ತರ 2:
ಕಿತ್ತಳೆ ಪುಡಿ ತುಕ್ಕು ರೋಗ. ಅದು ಬಂದ ಮಡಿಯನ್ನು ನೆಲಮಟ್ಟಕ್ಕೆ ಕತ್ತರಿಸಿ, ಉದುರಿದ ಎಲೆಯನ್ನೂ ಗುಡಿಸಿ ಸುಟ್ಟುಬಿಡಿ. ತಿಪ್ಪೆಗೆ ಹಾಕಬೇಡಿ. ಆ ಮಡಿಯ ಹಂಬು ನಾಟಿಗೂ ಬೇಡ. ದಟ್ಟವಾಗಿದ್ದರೆ ನಡುನಡುವೆ ಕಿತ್ತು ಗಾಳಿಯಾಡಲು ಬಿಡಿ.

ಜೀವಾಮೃತ (ಸಗಣಿ, ಗಂಜಲ, ಬೆಲ್ಲ, ಕಾಳಿನ ಹಿಟ್ಟು ಕಲಸಿ ಹುಳಿಸಿದ ನೀರು) ಕೊಡೋದಾದರೆ 10 ಗುಂಟೆಗೆ 50 ಲೀಟರ್, ಬಟ್ಟೆಯಲ್ಲಿ ಎರಡು ಸಲ ಸೋಸಿ. ಇಲ್ಲದಿದ್ದರೆ ಡ್ರಿಪ್ಪರ್ ಕಟ್ಟಿಕೊಳ್ಳುತ್ತೆ. ಪುದೀನವನ್ನು ಚಟ್ನಿಗೆ ಹಸಿಯಾಗಿಯೇ ರುಬ್ಬುತ್ತಾರೆ. ಹಾಗಾಗಿ ಸಗಣಿ ನೀರು ಎಲೆಗೆ ಖಂಡಿತ ಸಿಂಪಡಿಸಬೇಡಿ. ಕಟಾವಾದ ಕೂಡಲೇ ಬುಡಕ್ಕೆ ಕೊಡಿ, ಮುಂದಿನ ಕೊಯ್ಲು ಹತ್ತಿರ ಬಂದಾಗ ಕೊಡಬೇಡಿ.

ಪ್ರಶ್ನೆ ಕೇಳಿದವರು:
ಇನ್ನೂ 10 ಚೀಲ ಕೋಳಿ ಗೊಬ್ಬರ ಉಳಿದಿದೆ. ಏನು ಮಾಡಲಿ ಸರ್?

ಉತ್ತರ 1:
ಎಸೆಯಬೇಡಿ. ಒಣ ಹುಲ್ಲು, ತರಗು ಸಮಸಮ ಬೆರೆಸಿ ಗುಡ್ಡೆ ಹಾಕಿ ನೀರು ಚಿಮುಕಿಸಿ, 15 ದಿನಕ್ಕೊಮ್ಮೆ ಮಗುಚಿ. ಎರಡು ಮೂರು ತಿಂಗಳು ಬೇಕು. ಗುಡ್ಡೆಯೊಳಗೆ ಮೊಳಕೈವರೆಗೆ ಕೈ ಹಾಕಿದಾಗ ಬಿಸಿ ತಾಗಬಾರದು, ಮೂಗಿಗೆ ಹಿಡಿದರೆ ಘಾಟು ಹೋಗಿ ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು. ಆಗಲೂ ಒಂದು ಕಟಾವಿಗೆ 50 ಕೆಜಿ ಸಾಕು, ಆ ಸಲ ಎರೆಗೊಬ್ಬರ ಅರ್ಧಕ್ಕೆ ಇಳಿಸಿ.