ಸಿಹಿ ಮಾತ್ರೆ ಹಾಕಿದರೆ ಕರುಳಿಗೆ ಗೊತ್ತಾಗುತ್ತಾ?

ತೀರ್ಥಹಳ್ಳಿ_ಹೈದ: ಅಮ್ಮನಿಗೆ ಎರಡು ವರ್ಷದಿಂದ ಶುಗರ್. ಕಾಫಿಗೆ ಸಕ್ಕರೆ ಬಿಡಿಸಿ ಸುಕ್ರಲೋಸ್ ಮಾತ್ರೆ ಹಾಕಿ ಕೊಡುತ್ತಿದ್ದೇನೆ. ಲೋಟ ಕೆಳಗಿಡುವಾಗ ದಿನಾ ಒಂದೇ ಮಾತು: "ಸಿಹಿ ಇದೆ ಕಣೋ, ಆದ್ರೆ ಕಾಫಿ ಕುಡಿದ ಹಾಗೇ ಆಗಲ್ಲ." ಸುಮ್ನೆ ಹಟ ಅಂದುಕೊಂಡಿದ್ದೆ. ಮೊನ್ನೆ ಓದಿದೆ, ಕರುಳು ಗ್ಲುಟಮೇಟ್ ಬಿಟ್ಟು ಮಿದುಳಿಗೆ ಸುದ್ದಿ ಮುಟ್ಟಿಸುತ್ತದಂತೆ. ಗ್ಲುಟಮೇಟ್ ಅಂದರೆ ಗೋಬಿ ಮಂಚೂರಿಗೆ ಹಾಕುವ ಟೇಸ್ಟಿಂಗ್ ಪೌಡರ್ ಅಲ್ವಾ? ಅದಕ್ಕೆ ಕರುಳಲ್ಲೇನು ಕೆಲಸ?

ನರಮಂಡಲ: ಕರುಳಿನ ಒಳಪದರದಲ್ಲಿ ಅಲ್ಲೊಂದು ಇಲ್ಲೊಂದು ವಿಶೇಷ ಕೋಶ ಇರುತ್ತದೆ. ಇವು ಹಾರ್ಮೋನ್ ಬಿಡುತ್ತವೆ, ಅದು ರಕ್ತ ಸೇರಿ ನಿಧಾನಕ್ಕೆ ಕೆಲಸ ಮಾಡುತ್ತದೆ, ಅಷ್ಟೇ ಅಂತ ಬಹಳ ಕಾಲ ನಂಬಿದ್ದರು. 2018ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಡಿಯೆಗೊ ಬೊಹೊರ್ಕೆಸ್ ತಂಡ ಇಲಿಗಳಲ್ಲಿ ಬೇರೆಯೇ ದಾರಿ ತೋರಿಸಿತು. ಇವುಗಳಲ್ಲಿ ಕೆಲವು ಕರುಳಿನಿಂದ ಮಿದುಳಿಗೆ ಹೋಗುವ ವೇಗಸ್ ನರಕ್ಕೆ ನೇರವಾಗಿ ಅಂಟಿಕೊಂಡಿವೆ. ಸಕ್ಕರೆ ತಾಗಿದರೆ ಗ್ಲುಟಮೇಟ್ ಬಿಡುತ್ತವೆ, ಸುದ್ದಿ ಮಿಲಿಸೆಕೆಂಡುಗಳಲ್ಲಿ ನರಕ್ಕೆ ದಾಟುತ್ತದೆ. ಈ ಕೋಶಗಳಿಗೆ ನ್ಯೂರೋಪಾಡ್ ಅಂತ ಹೆಸರು.

ನಿಮ್ಮ ಅಮ್ಮನ ಕಾಫಿಗೆ ಹತ್ತಿರದ್ದು 2022ರ ಪ್ರಯೋಗ. ಸಕ್ಕರೆ ಬಂದರೆ ಗ್ಲುಟಮೇಟ್, ಸುಕ್ರಲೋಸ್ ಬಂದರೆ ಎಟಿಪಿ ಅನ್ನುವ ಬೇರೆ ರಾಸಾಯನಿಕ. ಎರಡೂ ಸಿಹಿಯೇ, ಹೋಗುವ ಸುದ್ದಿ ಬೇರೆ! ಬೆಳಕು ಹಾಯಿಸಿ ಆ ಕೋಶಗಳ ಬಾಯಿ ಕಟ್ಟಿದಾಗ, ಸಕ್ಕರೆ ನೀರೇ ಬೇಕು ಅನ್ನುವ ಹಟ ಇಲಿಗಳಿಗೆ ಹೋಯಿತು. ಇದೆಲ್ಲ ಇಲಿಗಳ ಕಥೆ. ನಿಮ್ಮ ಅಮ್ಮನದೂ ಇದೇ ಅಂತ ನಾನು ಬರೆದುಕೊಡಲಾರೆ. ಮಾತ್ರೆಯ ರುಚಿ ನಾಲಿಗೆಗೇ ಬೇರೆ ಅನ್ನಿಸಿರಬಹುದು.

ಒಗ್ಗರಣೆ: ಟೇಸ್ಟಿಂಗ್ ಪೌಡರ್ ವಿಷಯಕ್ಕೆ ನಾನು ಬರುತ್ತೇನೆ. ವಸ್ತು ಅದೇ. 1908ರಲ್ಲಿ ಜಪಾನಿನ ಕಿಕುನಾಯೆ ಇಕೆಡಾ ಅದನ್ನು ಕೊಂಬು ಅನ್ನುವ ಕಡಲ ಪಾಚಿಯಿಂದ ತೆಗೆದರು. ಹಣ್ಣಾದ ಟೊಮೆಟೊದಲ್ಲೂ ಇದೆ, ಹಾಗಾಗಿ ನಿಮ್ಮ ಸಾರಿನಲ್ಲೂ ಇದೆ. ನಾವು ತಿಂದ ಗ್ಲುಟಮೇಟನ್ನು ಕರುಳಿನ ಕೋಶಗಳೇ ಬಹುಪಾಲು ಸೌದೆಯ ಹಾಗೆ ಉರಿಸಿಬಿಡುತ್ತವೆ. ನರಮಂಡಲ ಅವರು ಹೇಳಿದ್ದು ಕೋಶ ತಾನೇ ನರದ ಪಕ್ಕ ಬಿಡುವ ಚೂರು. ಜಾಸ್ತಿ ಮಂಚೂರಿ ತಿಂದು ಆ ಸುದ್ದಿ ಜೋರು ಮಾಡಬಹುದು ಅಂದುಕೊಳ್ಳಬೇಡಿ.

ಇನ್ನೊಂದು, ನಮ್ಮನೆಯಲ್ಲಿ ಮಾತ್ರೆ ಬಿಟ್ಟು ಡಿಕಾಕ್ಷನ್ ಗಟ್ಟಿ ಮಾಡಿದೆವು. ಮೊದಲ ವಾರ ಎಲ್ಲರೂ ಮುಖ ಸಿಂಡರಿಸಿದರು, ಆಮೇಲೆ ಒಗ್ಗಿತು.

ತೀರ್ಥಹಳ್ಳಿ_ಹೈದ: ಇಬ್ಬರಿಗೂ ಥ್ಯಾಂಕ್ಸ್. ಅಮ್ಮನಿಗೆ ಓದಿ ಹೇಳಿದೆ. "ಇಲಿ ಹೇಳಿದ್ರೆ ನಂಬ್ತೀಯ, ನಾನು ಹೇಳಿದ್ರೆ ಹಟ" ಅಂದಳು. ನಾಳೆಯಿಂದ ಗಟ್ಟಿ ಡಿಕಾಕ್ಷನ್.