ಅಪ್‌ಡೇಟ್: ಬಿದ್ದ ಹೆಲ್ಮೆಟ್ ಕೊನೆಗೂ ಬದಲಾಯಿಸಿದೆ

ಬೈಕ್ ಸೀಟಿನಿಂದ ಹೆಲ್ಮೆಟ್ ಉರುಳಿ ಬಿತ್ತು, ಹೊರಗೆ ಬರೀ ಗೀರು, ಬದಲಾಯಿಸಬೇಕಾ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ಹೊಸದು ತಗೊಂಡೆ. ಆದರೆ ಕಾರಣ ಆ ಗೀರಲ್ಲ.

ಖಾಲಿ ಹೆಲ್ಮೆಟ್ ಅಷ್ಟು ಎತ್ತರದಿಂದ ಒಮ್ಮೆ ಬಿದ್ದರೆ ಸಾಮಾನ್ಯವಾಗಿ ಕೆಡುವುದಿಲ್ಲ. ತಲೆ ಒಳಗಿದ್ದಾಗ ಜೋರು ಪೆಟ್ಟು ಬಿದ್ದರೆ ಕಥೆಯೇ ಬೇರೆ. ಒಳಗಿನ ಥರ್ಮಾಕೋಲ್ ಪದರ ಅದುಮಿಕೊಂಡು ಪೆಟ್ಟು ತಡೆಯುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ. ಹೊರಗೆ ಏನೂ ಕಾಣದಿದ್ದರೂ ಅಂಥ ಹೆಲ್ಮೆಟ್ ಬದಲಾಯಿಸಲೇಬೇಕು.

ನೀವು ಹೇಳಿದಂತೆ ಪ್ಯಾಡಿಂಗ್ ಬಿಚ್ಚಿ ನೋಡಿದೆ. ಥರ್ಮಾಕೋಲ್‌ನಲ್ಲಿ ಬಿರುಕಿರಲಿಲ್ಲ. ಆದರೆ ತಯಾರಾದ ವರ್ಷ ನೋಡಿದರೆ 2016! ಸುಮಾರು 5 ವರ್ಷ ಬಳಸಿದ ಮೇಲೆ ಬದಲಾಯಿಸಿ ಅಂತ ಹಲವು ಕಂಪನಿಗಳೇ ಹೇಳುತ್ತವೆ. ಕೆನ್ನೆಯ ಸ್ಪಂಜು ಸವೆದಿತ್ತು, ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ಬೇರೆಯಾಗಿಯೇ ತಿರುಗುತ್ತಿತ್ತು. ಚಿಕ್ಕಮಗಳೂರಿನ ಮಳೆಗಾಲ ಗೊತ್ತಲ್ವಾ, ಒಣಗುವುದೇ ಇಲ್ಲ. ಆ ವಾಸನೆ ವಿಷಯ ಬಿಡಿ.

ಎಂ.ಜಿ. ರೋಡಿನಲ್ಲಿ ಐಎಸ್‌ಐ ಗುರುತು, ಐಎಸ್ 4151 (ಬೈಕ್ ಹೆಲ್ಮೆಟ್‌ಗಳ ಭಾರತೀಯ ಮಾನದಂಡದ ಸಂಖ್ಯೆ) ಎರಡೂ ನೋಡಿ ತಗೊಂಡೆ. ಕೆನ್ನೆ ಸ್ವಲ್ಪ ಬಿಗಿ ಅನ್ನಿಸುತ್ತದೆ, ಹೊಸದರಲ್ಲಿ ಹಾಗೇ ಇರಬೇಕು. ಹಳೆಯದನ್ನು ತಮ್ಮ ಕೇಳಿದ. ಕೊಡಲಿಲ್ಲ, ಪಟ್ಟಿ ಕತ್ತರಿಸಿ ಎಸೆದೆ.